ವಿಡಿಯೋ ಗೇಮ್‌ಗಳಲ್ಲಿ ಕ್ರಮಭಂಗ

ವಿಡಿಯೋ ಗೇಮ್‌ನಲ್ಲಿ ಮುನ್ನಡೆಯ ಕ್ರಮ ಬಹುಮಟ್ಟಿಗೆ ಬೀಗಗಳಿಂದ ಹುಟ್ಟುತ್ತದೆ. ಈ ಬಾಗಿಲು ತೆರೆಯಲು ಇಂಥ ಕ್ಷಿಪಣಿ ಬೇಕು, ಆ ಎತ್ತರದ ಕಟ್ಟೆ ಏರಲು ಇಂಥ ಬೂಟು ಬೇಕು, ಬೆಂಕಿಯಂಥ ಸುರಂಗ ದಾಟಲು ಇಂಥ ಕವಚ ಬೇಕು. ಹೀಗೆ ಒಂದೊಂದು ಅಡ್ಡಿಗೂ ಒಂದೊಂದು ಸಾಧನವನ್ನು ಗೊತ್ತುಮಾಡಿ, ಆ ಸಾಧನವನ್ನು ಮತ್ತೊಂದು ಅಡ್ಡಿಯ ಹಿಂದೆ ಇಟ್ಟರೆ ಸಾಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಗೊತ್ತುಮಾಡಿದ ಸಾಧನ ಕೈಗೆ ಬರುವ ಮುನ್ನವೇ ಆಟಗಾರ ಅಡ್ಡಿಯನ್ನು ದಾಟಿಬಿಟ್ಟರೆ, ಅಥವಾ ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ ಮುಗಿಸಿದರೆ, ಅದು ಕ್ರಮಭಂಗ. ಆಟಗಾರರ ವಲಯದಲ್ಲಿ ಇದಕ್ಕೆ ಸೀಕ್ವೆನ್ಸ್ ಬ್ರೇಕಿಂಗ್ ಎಂಬ ಹೆಸರು ನಿಂತಿದೆ.

ಇದನ್ನು ಮೋಸವೆಂದು ತಿಳಿಯುವವರಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ. ಮೋಸದ ಸಾಧನಗಳು ಬೇರೆಯೇ ಇವೆ. 1990ರ ಸುಮಾರಿಗೆ ಮಾರುಕಟ್ಟೆಗೆ ಬಂದ ಗೇಮ್ ಜೀನಿಯಂಥ ಉಪಕರಣಗಳು ಆಟದ ಕಾರ್ಯಕ್ರಮ ಮತ್ತು ಯಂತ್ರದ ನಡುವೆ ಕುಳಿತು, ಓದಬೇಕಾದ ಅಂಕಿಯನ್ನೇ ಬದಲಿಸುತ್ತಿದ್ದವು. ಕ್ರಮಭಂಗ ಮಾಡುವ ಆಟಗಾರನ ಕೈಯಲ್ಲಿ ಇರುವುದು ಎಲ್ಲರ ಕೈಯಲ್ಲೂ ಇರುವ ಅದೇ ಕಂಟ್ರೋಲರ್, ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಅದೇ ಕಾರ್ಟ್ರಿಜ್. ಆಟದ ನಿಯಮವೆಂದರೆ ಕೈಪಿಡಿಯಲ್ಲಿ ಅಚ್ಚಾದ ಮಾತಲ್ಲ, ಯಂತ್ರ ವಾಸ್ತವವಾಗಿ ಏನನ್ನು ಆಗಗೊಡುತ್ತದೆಯೋ ಅದು. ಆ ನಿಯಮವನ್ನು ಅವನು ಮೀರುವುದಿಲ್ಲ. ವಿನ್ಯಾಸಕಾರನಿಗಿಂತ ಹೆಚ್ಚು ಸೂಕ್ಷ್ಮವಾಗಿ ಅದನ್ನು ಓದುತ್ತಾನೆ, ಅಷ್ಟೆ.

ಬೀಗಗಳಲ್ಲಿ ಎರಡು ಜಾತಿ. ಒಂದು, ಜಾಗದ ಬೀಗ: ಗೋಡೆಯ ಎತ್ತರ, ಕಂದಕದ ಅಗಲ, ಲಾವಾದ ಶಾಖ. ಇನ್ನೊಂದು, ಲೆಕ್ಕದ ಬೀಗ: ಇಂಥ ಘಟನೆ ನಡೆದಿದೆಯೇ ಇಲ್ಲವೇ ಎಂದು ಆಟ ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ಹೌದು-ಇಲ್ಲಗಳ ಗುರುತು. ಮೊದಲನೆಯದನ್ನು ಕೌಶಲ ಸೋಲಿಸಬಹುದು. ಎರಡನೆಯದನ್ನು ಸೋಲಿಸಲು ಕಾರ್ಯಕ್ರಮದ ಒಳಗಿನ ದೋಷವೇ ಬೇಕು. ಯಾವ ಆಟ ಯಾವ ಜಾತಿಯ ಬೀಗವನ್ನು ಹೆಚ್ಚು ನೆಚ್ಚಿಕೊಂಡಿದೆ ಎಂಬುದರ ಮೇಲೆ ಅದರಲ್ಲಿ ನಡೆಯುವ ಕ್ರಮಭಂಗದ ಸ್ವರೂಪ ನಿಂತಿದೆ.

ಈ ವಿಷಯವನ್ನು ಅರಿಯಲು ನಿಂಟೆಂಡೊ ಸಂಸ್ಥೆಯ ಮೆಟ್ರಾಯ್ಡ್ ಸರಣಿಗಿಂತ ಒಳ್ಳೆಯ ನಿದರ್ಶನವಿಲ್ಲ. ಮೊದಲ ಮೆಟ್ರಾಯ್ಡ್ ಜಪಾನಿನಲ್ಲಿ 1986ರಲ್ಲಿ ಬಂತು. ನಾಯಕಿ ಸೇಮಸ್ ಆರನ್, ಬಾಹ್ಯಾಕಾಶದ ಬೇಟೆಗಾರ್ತಿ. ಜಾಗ ಜೆಬೆಸ್ ಎಂಬ ಗ್ರಹದ ಒಡಲು. ಅದಕ್ಕೆ ಒಂದು ವರ್ಷ ಹಿಂದೆ ಬಂದಿದ್ದ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಆಟಗಾರ ಎಡದಿಂದ ಬಲಕ್ಕೆ ಓಡುತ್ತಾನೆ, ಹಿಂದಕ್ಕೆ ಬರುವ ದಾರಿಯೇ ಇಲ್ಲ. ಎಂಟು ಲೋಕ, ಪ್ರತಿ ಲೋಕಕ್ಕೆ ನಾಲ್ಕು ಘಟ್ಟ, ಒಟ್ಟು 32. ಅವುಗಳ ನಡುವೆ ಹಾರಿಹೋಗಲು ಕೊಳವೆಗಳನ್ನು ವಿನ್ಯಾಸಕಾರರೇ ಅಡಗಿಸಿಟ್ಟಿದ್ದರು. ಮೆಟ್ರಾಯ್ಡ್‌ನಲ್ಲಿ ಘಟ್ಟಗಳಿಲ್ಲ. ಇಡೀ ಗ್ರಹ ಒಂದೇ ಹೆಣಿಗೆ. ಆಟ ಶುರುವಾದಾಗ ಬಲಕ್ಕೆ ಹೋಗುವವನು ಬೇಗನೆ ತಡೆದು ನಿಲ್ಲುತ್ತಾನೆ, ಏಕೆಂದರೆ ಚೆಂಡಿನಂತೆ ಮುದುಡಿ ಉರುಳುವ ಶಕ್ತಿ ಎಡಗಡೆ ಇದೆ. ಹೊಸ ಸಾಧನ ಸಿಕ್ಕ ಮೇಲೆ ಹಳೆಯ ದಾರಿಗೆ ಮರಳಬೇಕು, ಆಗ ಮುಂಚೆ ಮುಚ್ಚಿದ್ದ ಬಾಗಿಲು ತೆರೆಯುತ್ತದೆ. ಮುಂದೆ ನೂರಾರು ಆಟಗಳು ಅನುಸರಿಸಿದ ಮಾದರಿ ಇದು. 1997ರ ಕ್ಯಾಸಲ್‌ವೇನಿಯ: ಸಿಂಫನಿ ಆಫ್ ದಿ ನೈಟ್ ಇದೇ ಹಾದಿ ಹಿಡಿದ ಬಳಿಕ, ಎರಡರ ಹೆಸರನ್ನೂ ಕೂಡಿಸಿ ಮೆಟ್ರಾಯ್ಡ್‌ವೇನಿಯ ಎಂದು ಇಡೀ ಪ್ರಕಾರವನ್ನು ಕರೆಯುವ ರೂಢಿ ಬಂತು.

ಈ ಪ್ರಕಾರದಲ್ಲಿ ಕ್ರಮಭಂಗ ಹುಲುಸಾಗಿ ಬೆಳೆದುದಕ್ಕೆ ಕಾರಣ ಸ್ಪಷ್ಟವಾಗಿದೆ. ಜಗತ್ತು ಒಂದೇ ತುಂಡಾಗಿರುವುದರಿಂದ ಕೊನೆಯ ಕೋಣೆಯೂ ಮೊದಲ ಕೋಣೆಯೂ ಏಕಕಾಲಕ್ಕೆ ಇವೆ. ನಡುವೆ ಇರುವುದು ಬರಿಯ ಅಡ್ಡಿ. ಮೊದಲ ಮೆಟ್ರಾಯ್ಡ್‌ನಲ್ಲೇ ಆಟಗಾರರು ವೈರಿಗಳನ್ನು ಹಿಮಕಿರಣದಿಂದ ಗಾಳಿಯಲ್ಲೇ ಹೆಪ್ಪುಗಟ್ಟಿಸಿ, ಅವುಗಳ ಮೇಲೆ ಕಾಲಿಟ್ಟು ಎತ್ತರಕ್ಕೆ ಏರಿದರು. ಚೆಂಡಾಗಿ ಮುದುಡಿ ಬಾಂಬ್ ಇಟ್ಟರೆ ಸಿಡಿತ ಸೇಮಸ್‌ಳನ್ನು ತುಸು ಮೇಲಕ್ಕೆ ಎಸೆಯುತ್ತದೆ. ಆ ತುಸುವನ್ನು ತಾಳ ತಪ್ಪದಂತೆ ಪೋಣಿಸಿದರೆ ಬೂಟಿನ ಹಂಗಿಲ್ಲದೆ ಮೇಲೇರಬಹುದು. ಆಟವನ್ನು ಬೇಗ ಮುಗಿಸಿದಷ್ಟೂ ಸಮಾಪ್ತಿಯ ಚಿತ್ರ ಬದಲಾಗುತ್ತಿತ್ತು. ಗಡಿಯಾರದತ್ತ ಆಟಗಾರನ ಕಣ್ಣು ತಿರುಗಿಸಿದವರು ವಿನ್ಯಾಸಕಾರರೇ ಎಂಬುದು ಗಮನಿಸಬೇಕಾದ ಸಂಗತಿ. ಅಡ್ಡದಾರಿಯ ಹಂಬಲಕ್ಕೆ ಮೊದಲ ಬೀಜ ಹಾಕಿದ್ದು ಆಟವೇ.

1994ರ ಸೂಪರ್ ಮೆಟ್ರಾಯ್ಡ್ ಈ ಕಲೆಯ ತವರು. ಸೂಪರ್ ನಿಂಟೆಂಡೊ ಯಂತ್ರಕ್ಕೆ ಯೋಶಿಯೊ ಸಕಾಮೊಟೊ ಅವರ ನಿರ್ದೇಶನದಲ್ಲಿ ತಯಾರಾದ ಈ ಆಟದ ಕಾರ್ಟ್ರಿಜ್ ಗಾತ್ರ 24 ಮೆಗಾಬಿಟ್, ಅಂದರೆ ಬರೀ 3 ಮೆಗಾಬೈಟ್. ಅಷ್ಟರಲ್ಲಿ ಮೂವತ್ತು ವರ್ಷವಾದರೂ ಬತ್ತದಷ್ಟು ಸಾಧ್ಯತೆ ಅಡಗಿದೆ. ಆಟದೊಳಗೆ, ಬ್ರಿನ್‌ಸ್ಟಾರ್ ಎಂಬ ಹಸಿರು ಪ್ರದೇಶದ ಒಂದು ಆಳದ ಬಾವಿಯಂಥ ಜಾಗದಲ್ಲಿ ಎಟಿಕೂನ್ ಎಂಬ ಮೂರು ಪುಟ್ಟ ಪ್ರಾಣಿಗಳು ಗೋಡೆಯಿಂದ ಗೋಡೆಗೆ ಚಿಮ್ಮುತ್ತಾ ಮೇಲೇರುತ್ತವೆ. ಅಕ್ಷರ ರೂಪದ ಸೂಚನೆ ಒಂದೂ ಇಲ್ಲ. ನೋಡಿದವನಿಗೆ ಹೊಳೆಯಬೇಕು: ಗೋಡೆಗೆ ತಾಗಿದ ಕ್ಷಣ ಎದುರು ದಿಕ್ಕಿಗೆ ಒತ್ತಿ ಜಿಗಿದರೆ ಸೇಮಸ್ ಕೂಡ ಹೀಗೆಯೇ ಏರಬಲ್ಲಳು. ಅದೇ ಪ್ರದೇಶದ ಮತ್ತೊಂದು ಕಡೆ ಡಕೋರಾ ಎಂಬ ದೊಡ್ಡ ಹಕ್ಕಿ ವೇಗವಾಗಿ ಓಡಿ, ನಿಂತು, ಬಾಣದಂತೆ ನೇರ ಮೇಲಕ್ಕೆ ಹಾರಿ ತೋರಿಸುತ್ತದೆ. ಈ ಎರಡನೆಯ ವಿದ್ಯೆಗೆ ಷೈನ್‌ಸ್ಪಾರ್ಕ್ ಎಂದು ಹೆಸರು. ಇವೆರಡೂ ಆಟದ ಮೊದಲ ಕ್ಷಣದಿಂದಲೇ, ಅಥವಾ ವೇಗದ ಸಾಧನವೊಂದು ಸಿಕ್ಕ ಕೂಡಲೇ, ಆಟಗಾರನ ಕೈಯಲ್ಲಿವೆ. ಅವನಿಗೆ ಅದು ಗೊತ್ತಿಲ್ಲ ಅಷ್ಟೆ. ಹೀಗೆ ಬೀಗದಕೈಯನ್ನು ಪೆಟ್ಟಿಗೆಯಲ್ಲಿಡದೆ ತಿಳಿವಳಿಕೆಯಲ್ಲಿ ಇಟ್ಟದ್ದು ವಿನ್ಯಾಸದ ಚರಿತ್ರೆಯಲ್ಲಿ ಬಹಳ ದೊಡ್ಡ ಹೆಜ್ಜೆ. ಗೋಡೆ ಚಿಮ್ಮುವುದನ್ನು ಕಲಿತವನಿಗೆ ಎತ್ತರದ ಬೂಟು ಬೇಕಾಗಿಲ್ಲ. ಆ ಬೂಟು ಬೇಕೆಂದು ಎಣಿಸಿದ್ದ ಜಾಗಗಳು ಅವನಿಗೆ ಆಗಲೇ ತೆರೆದಿವೆ.

ವಿನ್ಯಾಸಕಾರರು ಕಲಿಸಿದ್ದು ಇಷ್ಟು. ಆಟಗಾರರು ತಾವಾಗಿ ಕಂಡುಕೊಂಡದ್ದು ಇದಕ್ಕಿಂತ ಎಷ್ಟೋ ಹೆಚ್ಚು. ಬ್ರಿನ್‌ಸ್ಟಾರ್‌ನ ಒಂದು ಕೋಣೆಯಲ್ಲಿ, ಸೇಮಸ್ ಓಡುತ್ತಿದ್ದಂತೆ ಗೇಟುಗಳು ಮುಚ್ಚಿಕೊಳ್ಳುತ್ತವೆ. ವೇಗವರ್ಧಕ ಸಿಕ್ಕ ಮೇಲೆ ಬಂದು ದಾಟಲಿ ಎಂಬುದು ಅಲ್ಲಿಯ ಉದ್ದೇಶ. ಆದರೆ ಓಡುತ್ತಾ ಜಿಗಿದು, ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಚೆಂಡಾಗಿ ಮುದುಡಿದರೆ, ಓಟದ ವೇಗ ಚೆಂಡಿಗೆ ಹಾಗೆಯೇ ಉಳಿದುಬಿಡುತ್ತದೆ. ಸಾಮಾನ್ಯವಾಗಿ ಚೆಂಡು ನಿಧಾನ. ಈ ಚೆಂಡು ಗೇಟು ಮುಚ್ಚುವುದರೊಳಗೆ ಕೆಳಗಿನಿಂದ ಉರುಳಿ ಪಾರಾಗುತ್ತದೆ. ಮಾಕ್‌ಬಾಲ್ ಎಂದು ಕರೆಯುವ ಈ ಒಂದು ಯುಕ್ತಿಯಿಂದ ಸೂಪರ್ ಕ್ಷಿಪಣಿಗಳು ಮುಂಚಿತವಾಗಿ ಸಿಗುತ್ತವೆ, ಅವುಗಳಿಗಾಗಿ ಕಾದಾಡಬೇಕಿದ್ದ ಸ್ಪೋರ್ ಸ್ಪಾನ್ ಎಂಬ ರಾಕ್ಷಸ ಸಸ್ಯದ ಕಾಳಗವೇ ತಪ್ಪುತ್ತದೆ. ನಾರ್ಫೇರ್ ಎಂಬ ಪಾತಾಳದ ಭಾಗದಲ್ಲಿ ಶಾಖಕವಚವಿಲ್ಲದೆ ಕಾಲಿಟ್ಟರೆ ಜೀವಶಕ್ತಿ ಒಂದೇ ಸಮನೆ ಇಳಿಯುತ್ತದೆ. ಹೊಸಬ ಇದನ್ನು ಕಂಡು ಹಿಂದಿರುಗುತ್ತಾನೆ. ಅನುಭವಿಯು ಇಳಿಯುವ ಪ್ರಮಾಣ ನಿಶ್ಚಿತವಾದದ್ದು ಎಂದು ಗುರುತಿಸಿ, ದೂರವನ್ನೂ ತನ್ನ ಬಳಿ ಇರುವ ಶಕ್ತಿಯನ್ನೂ ಲೆಕ್ಕ ಹಾಕಿ, ಉಸಿರು ಬಿಗಿಹಿಡಿದು ಓಡಿ ದಾಟುತ್ತಾನೆ. ಇಂಥ ಓಟಕ್ಕೆ ಆಟಗಾರರು ಇಟ್ಟ ಹೆಸರು ಹೆಲ್ ರನ್, ನರಕದ ಓಟ.

ಈ ಎಲ್ಲ ವಿದ್ಯೆಗಳು ಸೇರಿ ಅರಳಿದ ಸಾಧನೆಯೆಂದರೆ ತಿರುವುಮುರುವು ಆಟ. ಕ್ರೇಡ್, ಫ್ಯಾಂಟೂನ್, ಡ್ರೇಗನ್, ರಿಡ್ಲಿ ಎಂಬ ನಾಲ್ವರು ಪ್ರಮುಖ ವೈರಿಗಳನ್ನು ಈ ಕ್ರಮದಲ್ಲಿ ಸೋಲಿಸಬೇಕೆಂದು ಆಟ ಎಣಿಸಿದೆ. ಶಾಖವನ್ನು ತಡೆಯುವ ಕವಚ ಕ್ರೇಡ್‌ನ ಹಿಂದಿದೆ, ಅದಕ್ಕಿಂತ ಬಲವಾದ ಇನ್ನೊಂದು ಕವಚ ಫ್ಯಾಂಟೂನ್ ಬಿದ್ದ ಮೇಲೆ ಸಿಗುತ್ತದೆ. ರಿಡ್ಲಿ ಇರುವುದು ಅತಿ ಶಾಖದ ಪಾತಾಳದ ತಳದಲ್ಲಿ. ಆದರೂ ಆಟಗಾರರು ಎರಡು ಕವಚಗಳೂ ಇಲ್ಲದೆ ಮೊದಲು ರಿಡ್ಲಿಯ ಬಳಿಗೆ ಇಳಿದು, ಅಲ್ಲಿಂದ ಹಿಮ್ಮುಖವಾಗಿ ಸಾಗಿ ಕೊನೆಗೆ ಕ್ರೇಡ್‌ನನ್ನು ತಲುಪುತ್ತಾರೆ. ನಾಲ್ವರೂ ಸತ್ತಿದ್ದಾರೆಯೇ ಎಂಬುದನ್ನಷ್ಟೇ ಅಂತಿಮ ಬಾಗಿಲಿನ ಚಿನ್ನದ ಪ್ರತಿಮೆ ನೋಡುತ್ತದೆ, ಯಾರು ಮೊದಲು ಸತ್ತರೆಂದು ಅದು ಕೇಳುವುದಿಲ್ಲ. ಲೆಕ್ಕದ ಬೀಗವನ್ನು ಒಂದೇ ಕಡೆ ಇಟ್ಟು, ಉಳಿದದ್ದನ್ನೆಲ್ಲ ಜಾಗದ ಬೀಗಕ್ಕೆ ಬಿಟ್ಟದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಸಾಮಾನ್ಯ ಆಟಗಾರನಿಗೆ ಹಲವು ಸಂಜೆಗಳು ಹಿಡಿಯುವ ಈ ಆಟವನ್ನು ನುರಿತವರು ಇಂದು ಒಂದು ಗಂಟೆಯೊಳಗೆ ಮುಗಿಸುತ್ತಾರೆ.

2002ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಂದೇ ತಿಂಗಳು ಎರಡು ಮೆಟ್ರಾಯ್ಡ್‌ಗಳು ಬಂದವು. ಎರಡೂ ಕ್ರಮದ ವಿಷಯದಲ್ಲಿ ಬೇರೆಬೇರೆ ನಿಲುವು ತಳೆದವು. ಫ್ಯೂಷನ್‌ನಲ್ಲಿ ಆಡಮ್ ಎಂಬ ಕಂಪ್ಯೂಟರ್ ಮುಂದೆಲ್ಲಿಗೆ ಹೋಗಬೇಕೆಂದು ಆಜ್ಞೆ ಕೊಡುತ್ತದೆ, ಬಾಗಿಲುಗಳು ಭದ್ರತೆಯ ಹಂತಗಳಿಗೆ ತಕ್ಕಂತೆ ತೆರೆಯುತ್ತವೆ. ಅಲ್ಲಿ ಲೆಕ್ಕದ ಬೀಗವೇ ಬೀಗ. ಹಾಗಿದ್ದೂ ಒಂದು ಕಡೆ, ಬಹು ಕಷ್ಟದ ಷೈನ್‌ಸ್ಪಾರ್ಕ್‌ಗಳ ಸಾಲಿನಿಂದ ನಿಗದಿಗಿಂತ ಮೊದಲೇ ಒಳಹೊಕ್ಕವರಿಗೆ, ಬೇರೆ ಯಾರಿಗೂ ಕಾಣದ ಒಂದು ಸಂಭಾಷಣೆಯನ್ನು ಅದರ ಕರ್ತೃಗಳು ಅಡಗಿಸಿಟ್ಟಿದ್ದರು. ಕ್ರಮಭಂಗ ಮಾಡುವವರು ತಮಗೆ ಗೊತ್ತು ಎಂದು ಕರ್ತೃಗಳು ಹೇಳಿದ ಮೊದಲ ಮಾತು ಅದು ಎನ್ನಬಹುದು.

ಇನ್ನೊಂದು, ಟೆಕ್ಸಾಸ್‌ನ ಆಸ್ಟಿನ್ ನಗರದ ರೆಟ್ರೊ ಸ್ಟುಡಿಯೋಸ್ ತಯಾರಿಸಿದ ಮೆಟ್ರಾಯ್ಡ್ ಪ್ರೈಮ್. ಸರಣಿ ಮೊದಲ ಬಾರಿಗೆ ಮೂರು ಆಯಾಮಕ್ಕೆ ಬಂದದ್ದು ಇದರಲ್ಲಿ. ಸೇಮಸ್ ಟ್ಯಾಲನ್ ಗ್ರಹದಲ್ಲಿ ಇಳಿದ ಜಾಗದ ಪಕ್ಕದಲ್ಲೇ, ಎತ್ತರದ ಗೂಡಿನಲ್ಲಿ, ಎರಡು ಬಾರಿ ಜಿಗಿಯುವ ಬೂಟು ಇದೆ. ಬಹಳಷ್ಟು ಸುತ್ತಾಡಿದ ನಂತರವೇ ಅದನ್ನು ತಲುಪುವಂತೆ ಏರ್ಪಾಡು. ಆದರೆ ವಸ್ತುಗಳನ್ನು ಪರಿಶೀಲಿಸುವ ಸ್ಕ್ಯಾನ್ ದೃಷ್ಟಿಯನ್ನು ಒಂದು ಗುರಿಗೆ ಕಟ್ಟಿಕೊಂಡು ಪಕ್ಕಕ್ಕೆ ಜಿಗಿದು, ಗುರಿಯ ಹಿಡಿತ ಬಿಟ್ಟರೆ ಸೇಮಸ್ ಅಸಾಧಾರಣ ದೂರ ಹಾರುತ್ತಾಳೆಂದು ಆಟಗಾರರು ಕೆಲವೇ ತಿಂಗಳಲ್ಲಿ ಕಂಡುಕೊಂಡರು. ಆಟದ ಮೊದಲ ನಿಮಿಷಗಳಲ್ಲೇ ಬೂಟು ಕೈಸೇರಿತು. ಅಲ್ಲಿಂದ ಮುಂದಿನ ಕ್ರಮವೆಲ್ಲ ಸಡಿಲಗೊಂಡಿತು. ಸೀಕ್ವೆನ್ಸ್ ಬ್ರೇಕಿಂಗ್ ಎಂಬ ಹೆಸರು ಬಳಕೆಗೆ ಬಂದದ್ದು ಈ ಆಟದ ಸುತ್ತ, 2003ರಲ್ಲಿ ನಡೆದ ಚರ್ಚೆಗಳಿಂದ. ಮುಂದಿನ ಮುದ್ರಣಗಳಲ್ಲಿ, ಮುಖ್ಯವಾಗಿ ಯುರೋಪಿನ ಆವೃತ್ತಿಯಲ್ಲಿಯೂ 2009ರ ಟ್ರಿಲಜಿ ಸಂಪುಟದಲ್ಲಿಯೂ, ಇಂಥ ಹಲವು ದಾರಿಗಳನ್ನು ಮುಚ್ಚಲಾಯಿತು.

ಮುಚ್ಚುವುದಕ್ಕೆ ತಯಾರಕರ ಬಳಿ ನ್ಯಾಯವಾದ ಒಂದು ಕಾರಣವಿದೆ. ಕ್ರಮ ಮುರಿದಾಗ ಆಟಗಾರ ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಸಿಕ್ಕಿಬೀಳಬಹುದು. ಇದಕ್ಕೆ ಸಾಫ್ಟ್‌ಲಾಕ್ ಎನ್ನುತ್ತಾರೆ. 2011ರ ದಿ ಲೆಜೆಂಡ್ ಆಫ್ ಝೆಲ್ಡಾ: ಸ್ಕೈವರ್ಡ್ ಸ್ವೋರ್ಡ್‌ನಲ್ಲಿ ಒಂದು ಹಾಡಿನ ಮೂರು ಭಾಗಗಳನ್ನು ಇಷ್ಟಬಂದ ಕ್ರಮದಲ್ಲಿ ಸಂಗ್ರಹಿಸುವ ಸ್ವಾತಂತ್ರ್ಯವಿತ್ತು. ಆದರೆ ಗುಡುಗಿನ ಡ್ರ್ಯಾಗನ್‌ನ ಭಾಗವನ್ನು ಮೊದಲು ಮುಗಿಸಿ, ಆಮೇಲೆ ಅಲ್ಲಿಯ ಒಂದು ಪಾತ್ರದ ಜೊತೆ ಮತ್ತೆ ಮಾತಾಡಿದರೆ ಉಳಿದ ಭಾಗಗಳ ಘಟನೆಗಳು ನಡೆಯುತ್ತಲೇ ಇರಲಿಲ್ಲ. ಯಾವ ಯುಕ್ತಿಯನ್ನೂ ಮಾಡದ, ಕೊಟ್ಟ ಸ್ವಾತಂತ್ರ್ಯವನ್ನಷ್ಟೇ ಬಳಸಿದ ಆಟಗಾರರು ಹತ್ತಾರು ಗಂಟೆಗಳ ಶ್ರಮದ ನಂತರ ಸಿಕ್ಕಿಬಿದ್ದರು. ಕೆಟ್ಟುಹೋದ ಸೇವ್ ಕಡತವನ್ನು ಸರಿಪಡಿಸಲೆಂದೇ ನಿಂಟೆಂಡೊ ವೀ ಯಂತ್ರಕ್ಕೆ ಪ್ರತ್ಯೇಕ ಚಾನೆಲ್ ಒಂದನ್ನು ಹೊರಡಿಸಬೇಕಾಯಿತು. ಆದ್ದರಿಂದ ಅಪಾಯವಿರುವುದು ಕ್ರಮ ಮುರಿಯುವುದರಲ್ಲಿ ಅಲ್ಲ, ಮುರಿದ ಕ್ರಮವನ್ನು ಆಟ ಅರ್ಥಮಾಡಿಕೊಳ್ಳಲಾರದೆ ಹೋಗುವುದರಲ್ಲಿ.

ಲೆಕ್ಕದ ಬೀಗಗಳನ್ನು ಮುರಿಯುವ ಕಥೆ ಇನ್ನೂ ವಿಸ್ಮಯಕರ. 1996ರ ಸೂಪರ್ ಮಾರಿಯೊ 64ರಲ್ಲಿ 120 ನಕ್ಷತ್ರಗಳಿವೆ. ಕೊನೆಯ ಕಾಳಗಕ್ಕೆ 70 ಬೇಕು. ಅಷ್ಟಿಲ್ಲದವನು ಅಲ್ಲಿಯ ಮೆಟ್ಟಿಲು ಹತ್ತುತ್ತಲೇ ಇರುತ್ತಾನೆ, ಆಟ ಅವನನ್ನು ಸದ್ದಿಲ್ಲದೆ ಕೆಳಕ್ಕೆ ಇಳಿಸುತ್ತಲೇ ಇರುತ್ತದೆ. ಮಾರಿಯೊನ ಉದ್ದ ಜಿಗಿತದ ಮುಮ್ಮುಖ ವೇಗಕ್ಕೆ ಕಾರ್ಯಕ್ರಮದಲ್ಲಿ ಮಿತಿಯಿದೆ. ಹಿಮ್ಮುಖ ವೇಗಕ್ಕೆ ಮಿತಿ ಹಾಕುವುದನ್ನು ಬರೆದವರು ಮರೆತಿದ್ದರು. ಮೆಟ್ಟಿಲಿಗೆ ಬೆನ್ನು ಹಾಕಿ ಪದೇಪದೇ ಜಿಗಿದರೆ ವೇಗ ಒಂದರ ಮೇಲೊಂದು ಪೇರುತ್ತಾ ಹೋಗಿ, ಮಾರಿಯೊ ಆಟದ ತಪಾಸಣೆಗೆ ಸಿಗದಷ್ಟು ಬೇಗ ಮೇಲೆ ತಲುಪುತ್ತಾನೆ. 70 ನಕ್ಷತ್ರದ ಆಟ ಮೊದಲು 16ಕ್ಕೆ ಇಳಿಯಿತು, ಆಮೇಲೆ 1ಕ್ಕೆ, ಕೊನೆಗೆ ಒಂದೂ ನಕ್ಷತ್ರ ಬೇಡವೆಂಬಲ್ಲಿಗೆ ಬಂತು. 1998ರ ಝೆಲ್ಡಾ: ಒಕರೀನಾ ಆಫ್ ಟೈಮ್‌ನಲ್ಲಿ ಮೊದಲ ದೊಡ್ಡ ವೈರಿಯನ್ನು ಕೊಂದ ಮೇಲೆ ಹೊರಹೋಗುವ ಬೆಳಕಿನ ವಲಯವನ್ನೂ ಬಾಗಿಲನ್ನೂ ಏಕಕಾಲಕ್ಕೆ ಬಳಸುವ ಯುಕ್ತಿಯಿದೆ. ಮುಂದಿನ ಜಾಗದ ಸಂಖ್ಯೆಗೆ ಬೇರೊಂದು ದೃಶ್ಯದ ಸಂಖ್ಯೆ ಕೂಡಿಕೊಂಡು, ಬಾಲಕ ನಾಯಕ ನೇರವಾಗಿ ಕಥೆಯ ಕೊನೆಯ ಗೋಪುರಕ್ಕೆ ಬಂದು ಬೀಳುತ್ತಾನೆ. ಮುಂದೆ ಆಟಗಾರರು ಕಂಟ್ರೋಲರಿನಿಂದಲೇ ಯಂತ್ರದ ಸ್ಮೃತಿಯಲ್ಲಿ ಹೊಸ ಆದೇಶ ಬರೆಯುವಷ್ಟು ಆಳಕ್ಕೆ ಹೋದರು; ಇಡೀ ಆಟ ಹತ್ತು ನಿಮಿಷದೊಳಗೆ ಮುಗಿಯತೊಡಗಿತು. ಇಲ್ಲಿ ಕ್ರಮವನ್ನು ಮುರಿಯುವುದಕ್ಕಿಂತ ಅಳಿಸಿಹಾಕುವುದೇ ನಡೆದಿದೆ. ವಿದ್ಯೆಯಾಗಿ ಇದು ಅಪಾರ. ಆದರೆ ಆಟದ ಜಗತ್ತಿನ ಜೊತೆ ಒಡನಾಡುವ ಸುಖ ಮಾಕ್‌ಬಾಲ್‌ನಲ್ಲಿ ಇರುವಷ್ಟು ಇದರಲ್ಲಿ ಉಳಿಯುವುದಿಲ್ಲ.

ಇಂಥ ಶೋಧಗಳು ಒಬ್ಬರಿಂದ ಆಗುವಂಥವಲ್ಲ. ಸೂಪರ್ ನಿಂಟೆಂಡೊದಂಥ ಹಳೆಯ ಯಂತ್ರಗಳಲ್ಲಿ ಒಂದು ಸೆಕೆಂಡಿಗೆ ಸುಮಾರು 60 ಚಿತ್ರಗಳು ಮೂಡುತ್ತವೆ, ಅನೇಕ ಯುಕ್ತಿಗಳು ಅದರಲ್ಲಿ ಒಂದೇ ಚಿತ್ರದ ಅವಧಿಯಲ್ಲಿ ಗುಂಡಿ ಒತ್ತುವುದನ್ನು ಬೇಡುತ್ತವೆ. ಒಬ್ಬರು ಕಾಕತಾಳೀಯವಾಗಿ ಕಂಡದ್ದನ್ನು ಇನ್ನೊಬ್ಬರು ಎಮ್ಯುಲೇಟರ್‌ನಲ್ಲಿ ಚಿತ್ರ ಚಿತ್ರವಾಗಿ ಬಿಡಿಸಿ ನೋಡುತ್ತಾರೆ, ಮತ್ತೊಬ್ಬರು ಕಾರ್ಯಕ್ರಮವನ್ನೇ ಬಿಚ್ಚಿ ಕಾರಣ ಹುಡುಕುತ್ತಾರೆ, ಮಗದೊಬ್ಬರು ಅದನ್ನು ಕೈಗೆ ಒಗ್ಗುವಂತೆ ಪಳಗಿಸುತ್ತಾರೆ. 2010ರ ಜನವರಿಯಲ್ಲಿ ಆರಂಭವಾದ ಗೇಮ್ಸ್ ಡನ್ ಕ್ವಿಕ್ ಎಂಬ ಸಹಾಯಾರ್ಥ ಪ್ರದರ್ಶನಗಳು ಈ ವಿದ್ಯೆಯನ್ನು ಸಾರ್ವಜನಿಕರ ಮುಂದಿಟ್ಟು, ಕ್ಯಾನ್ಸರ್ ತಡೆಗಟ್ಟುವ ಕೆಲಸಕ್ಕೂ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಗೂ ದೇಣಿಗೆ ಕೂಡಿಸುತ್ತ ಬಂದಿವೆ. ಸೂಪರ್ ಮೆಟ್ರಾಯ್ಡ್‌ನ ಕೊನೆಯಲ್ಲಿ ಗ್ರಹ ಸಿಡಿಯುವ ಮುನ್ನ, ಆ ವಿದ್ಯೆ ಕಲಿಸಿದ ಎಟಿಕೂನ್‌ಗಳನ್ನೂ ಡಕೋರಾವನ್ನೂ ಬಿಡಿಸಲು ಕೆಲವು ಕ್ಷಣ ವ್ಯಯಿಸಬೇಕೇ ಬೇಡವೇ ಎಂಬುದನ್ನು ಅಲ್ಲಿ ಪ್ರೇಕ್ಷಕರ ದೇಣಿಗೆಯೇ ನಿರ್ಧರಿಸುತ್ತದೆ. ಆಟಗಾರರ ಜ್ಞಾನ ಸಾಫ್ಟ್‌ವೇರ್ ಆಗಿಯೂ ರೂಪುಗೊಂಡಿದೆ. ರ್‍ಯಾಂಡಮೈಸರ್ ಎಂಬ ಕಾರ್ಯಕ್ರಮಗಳು ಸಾಧನಗಳ ಜಾಗವನ್ನು ಕಲಸಿ ಹೊಸ ಆಟ ಕಟ್ಟುತ್ತವೆ. ಕಲಸಿದ ಮೇಲೂ ಆಟ ಮುಗಿಸಬಹುದೆಂದು ಖಾತರಿ ಮಾಡಲು, ಯಾವ ಅಡ್ಡಿಯನ್ನು ಯಾವ ಯಾವ ಬಗೆಯಲ್ಲಿ ದಾಟಬಹುದು ಎಂಬ ಪೂರ್ತಿ ವಿವರ ಅವಕ್ಕೆ ತಿಳಿದಿರಬೇಕು. ಅಡ್ಡದಾರಿಗಳ ಶಾಸ್ತ್ರವೇ ಅಲ್ಲಿ ಅಡಿಪಾಯ.

ತಯಾರಕರೂ ಕಲಿತರು. 1986ರ ಆಟದ ಮರುರೂಪವಾಗಿ 2004ರಲ್ಲಿ ಬಂದ ಮೆಟ್ರಾಯ್ಡ್: ಝೀರೊ ಮಿಷನ್ ಮೇಲ್ನೋಟಕ್ಕೆ ಕೈಹಿಡಿದು ನಡೆಸುತ್ತದೆ, ಆದರೆ ಗೋಡೆಗಳಲ್ಲಿ ಅಡಗಿಸಿದ ಹಾದಿಗಳು ಕ್ರಮ ಮುರಿಯುವವನಿಗೆಂದೇ ಇವೆ. ರಿಡ್ಲಿಯನ್ನು ಕ್ರೇಡ್‌ಗಿಂತ ಮೊದಲು ಎದುರಿಸಬಹುದು, ಸಾಧನಗಳಲ್ಲಿ ಶೇ. 15 ಅಥವಾ ಅದಕ್ಕಿಂತ ಕಡಿಮೆ ಸಂಗ್ರಹಿಸಿ ಮುಗಿಸಿದವರಿಗೆ ಬೇರೆಯೇ ಸಮಾಪ್ತಿ ಚಿತ್ರವಿದೆ. 2017ರ ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್ ಆರಂಭದ ಪ್ರಸ್ಥಭೂಮಿ ದಾಟಿದ ಆಟಗಾರನನ್ನು ನೇರವಾಗಿ ಕೊನೆಯ ವೈರಿಯ ಕೋಟೆಗೆ ಹೋಗಲು ಬಿಡುತ್ತದೆ. ಸ್ಪೇನಿನ ಮರ್ಕ್ಯುರಿಸ್ಟೀಮ್ ತಯಾರಿಸಿ 2021ರ ಅಕ್ಟೋಬರಿನಲ್ಲಿ ಬಂದ ಮೆಟ್ರಾಯ್ಡ್ ಡ್ರೆಡ್ ಇದರಲ್ಲಿ ಎಲ್ಲರಿಗಿಂತ ಮುಂದೆ ಹೋಯಿತು. ಅಲ್ಲಿ ಕ್ರೇಡ್‌ನ ಕಾಳಗ ದೀರ್ಘ ಮತ್ತು ಕಠಿಣ. ಗ್ರ್ಯಾಪಲ್ ಕಿರಣವನ್ನೂ ಬಾಂಬನ್ನೂ ನಿಗದಿಗಿಂತ ಮೊದಲೇ ಗಳಿಸಿ ಬಂದವನು, ಕಾಳಗದ ಎರಡನೆಯ ಘಟ್ಟದಲ್ಲಿ ಕೋಣೆಯಲ್ಲಿರುವ ಒಂದು ಉಡಾವಣೆಯ ಗೂಡಿನೊಳಗೆ ಚೆಂಡಾಗಿ ಕುಳಿತು ಬಾಂಬ್ ಇಟ್ಟರೆ, ಸೇಮಸ್ ಕ್ರೇಡ್‌ನ ಹೊಟ್ಟೆಗೆ ಚಿಮ್ಮಿ ಅಲ್ಲೇ ಅವನನ್ನು ಮುಗಿಸುತ್ತಾಳೆ. ಇದಕ್ಕೆಂದೇ ಪ್ರತ್ಯೇಕ ದೃಶ್ಯವನ್ನು ಚಿತ್ರಿಸಲಾಗಿದೆ. ಬಹುಪಾಲು ಆಟಗಾರರು ಎಂದೂ ನೋಡದ ದೃಶ್ಯಕ್ಕೆ ಕಲಾವಿದರ ಶ್ರಮವನ್ನು ಖರ್ಚುಮಾಡಿದ್ದು, ಕ್ರಮಭಂಗ ಮಾಡುವವನಿಗೆ ತಯಾರಕರು ಸಲ್ಲಿಸಿದ ನಿಜವಾದ ಗೌರವ.

ಈ ಗೌರವ ಹಳೆಯ ಕೃತಿಗಳ ಪಾಠಗಳಿಗೂ ಸಲ್ಲಬೇಕು. ಮಾರಿಯೊ 64ರ ಹಿಮ್ಮುಖ ಜಿಗಿತವನ್ನು 1997ರ ಜಪಾನಿ ಷಿಂಡೌ ಆವೃತ್ತಿಯಲ್ಲಿ ಸರಿಪಡಿಸಲಾಯಿತು. 2020ರಲ್ಲಿ ಮಾರಿಯೊ ಆಟಗಳ ಸಂಪುಟ ಬಂದಾಗ ಅದಕ್ಕೆ ಆಧಾರವಾದದ್ದು ಆ ತಿದ್ದಿದ ಆವೃತ್ತಿ. ಹಾಗಾಗಿ ಜಗತ್ತು ಕೊಂಡಾಡಿದ ಯುಕ್ತಿ ಅದರಲ್ಲಿ ಇಲ್ಲ. ಮರುವರ್ಷ ನಿಂಟೆಂಡೊದ ಚಂದಾ ಸೇವೆಯಲ್ಲಿ ಮೂಲ ಆವೃತ್ತಿ ಸೇರಿದಾಗ ಯುಕ್ತಿಯೂ ಮರಳಿ ಬಂತು. ತಾಳೆಗರಿಯ ಗ್ರಂಥಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸುತ್ತಾರೆ, ತಪ್ಪೆಂದು ತೋರಿದ ಪಾಠವನ್ನೂ ಬಿಸಾಡುವುದಿಲ್ಲ. ವಿಡಿಯೋ ಗೇಮ್‌ಗಳ ವಿಷಯದಲ್ಲಿ ಅಂಥ ಶಿಸ್ತು ಇನ್ನೂ ಬೇರೂರಿಲ್ಲ. ಇಂದಿನ ಆಟಗಳಲ್ಲಿ ತಿದ್ದುಪಡಿ ಅಂತರ್ಜಾಲದ ಮೂಲಕ ತಾನಾಗಿಯೇ ಇಳಿದು, ಹಿಂದಿನ ಪಾಠವನ್ನು ಅಳಿಸಿಹಾಕುತ್ತದೆ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಯಾವ ರೂಪದಲ್ಲೂ ಸಿಗುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ಸಿಗುವ ಆಟಗಳಲ್ಲೂ ಮೊದಲ ಮುದ್ರಣ ಯಾವುದು, ಮುಚ್ಚಿದ ದಾರಿ ಯಾವುದು ಎಂಬ ದಾಖಲೆಯನ್ನು ಬಹುಪಾಲು ಆಟಗಾರರೇ ಸ್ವಂತ ಆಸಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ತಯಾರಕರು ಸಾಫ್ಟ್‌ಲಾಕ್‌ಗಳನ್ನು ಧಾರಾಳವಾಗಿ ತಿದ್ದಲಿ. ಆದರೆ ತಿದ್ದುವ ಮುನ್ನ ಇದ್ದ ಆವೃತ್ತಿಯೂ ಆಡಬಯಸುವವರ ಕೈಗೆ ಸಿಗುವಂತೆ ಉಳಿಸಿಕೊಡಬೇಕು.